ಸಾರೋಟಿನಿಂದ ಕಾರಿಗೆ: ಫಿಷರ್ ಗಿಲ್ಡಿನ 38 ವರ್ಷಗಳು

ಮಾದರಿ ಕಾರು ಕಟ್ಟುವ ನಮ್ಮ ಪುಟ್ಟ ಬಳಗಕ್ಕೆ ಇಪ್ಪತ್ತೈದು ತುಂಬಿದೆ. ಬಳಗದ ಚರಿತ್ರೆ ಬರೆಯುವ ಕೆಲಸವನ್ನು ಸಂಪಾದಕರು ಬೇರೆಯವರಿಗೆ ವಹಿಸಿದ್ದಾರೆ. ಯಾರ ಗೋಂದಿನ ಟ್ಯೂಬನ್ನು ಯಾರು ಮುಚ್ಚಳ ಹಾಕದೆ ಒಣಗಿಸಿದರು ಎಂಬ ಹಳೇ ವ್ಯಾಜ್ಯಗಳೆಲ್ಲ ಅಲ್ಲಿ ಬರುತ್ತವೋ ಇಲ್ಲವೋ, ಬರದಿದ್ದರೆ ಒಳ್ಳೆಯದು. ನನ್ನ ಪಾಲಿಗೆ ಬಂದದ್ದು ಮುತ್ತಜ್ಜನ ಕಥೆ. ಈ ಹವ್ಯಾಸವನ್ನು ಸಂಸ್ಥೆಯಾಗಿ ಕಟ್ಟಿದ ಹಿರಿಯರನ್ನು ಹುಡುಕುತ್ತ ಹೊರಟರೆ ದಾರಿ ಡೆಟ್ರಾಯಿಟ್ ನಗರಕ್ಕೆ ಒಯ್ಯುತ್ತದೆ. ಅಲ್ಲಿ 1930ರಲ್ಲಿ ಶುರುವಾಗಿ 1968ರಲ್ಲಿ ಬಾಗಿಲು ಹಾಕಿದ ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್, ಲಕ್ಷಗಟ್ಟಲೆ ಹುಡುಗರನ್ನು ಉಳಿ, ಅರ, ಉಪ್ಪುಕಾಗದ ಹಿಡಿಸಿ ಕೂರಿಸಿದ ಸಂಸ್ಥೆ. 2030ಕ್ಕೆ ಅದು ಹುಟ್ಟಿ ನೂರು ವರ್ಷ. ಶತಮಾನೋತ್ಸವ ಮಾಡಲು ಗಿಲ್ಡೂ ಇಲ್ಲ, ಅದನ್ನು ಸಾಕಿದ ಫಿಷರ್ ಬಾಡಿ ವಿಭಾಗವೂ ಇಲ್ಲ. ಹಾಗಾಗಿ ಒಂದು ಸ್ಮರಣ ಲೇಖನ ನಮ್ಮ ಕಡೆಯಿಂದಲೇ ಇರಲಿ.

ಬಂಡಿ ಕಟ್ಟುವ ಮನೆತನ: 1908–1930

ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನಲ್ಲಿ ಲಾರೆನ್ಸ್ ಫಿಷರ್ ಅವರದು ಕುದುರೆ ಬಂಡಿ ಕಟ್ಟುವ ಕಸುಬು. ಅವರಿಗೆ ಏಳು ಗಂಡುಮಕ್ಕಳು. ಹಿರಿಯ ಮಗ ಫ್ರೆಡ್, ತಮ್ಮ ಚಾರ್ಲ್ಸ್ ಮತ್ತು ಚಿಕ್ಕಪ್ಪ ಆಲ್ಬರ್ಟ್ ಸೇರಿ 1908ರ ಜುಲೈನಲ್ಲಿ ಡೆಟ್ರಾಯಿಟ್‌ನಲ್ಲಿ ಫಿಷರ್ ಬಾಡಿ ಕಂಪನಿ ತೆರೆದರು. ಎಂಜಿನ್ನು, ಚಾಸಿ ಯಾರಾದರೂ ಮಾಡಿಕೊಳ್ಳಲಿ, ಮೇಲಿನ ಒಡಲು ನಮ್ಮದು ಎಂಬುದು ಅವರ ಲೆಕ್ಕ. ಆಗಿನ ಕಾರುಗಳಲ್ಲಿ ಬಹುಪಾಲು ತೆರೆದವು. ಮಳೆ ಬಂದರೆ ನೆನೆಯಬೇಕು. ಮುಚ್ಚಿದ ಒಡಲಿಗೆ ಮುಂದೆ ಕಾಲವಿದೆ ಎಂದು ನಂಬಿದವರು ಈ ಅಣ್ಣತಮ್ಮಂದಿರು. 1910ರಲ್ಲಿ ಕ್ಯಾಡಿಲಾಕ್ ಕಂಪನಿ 150 ಮುಚ್ಚಿದ ಒಡಲುಗಳಿಗೆ ಆರ್ಡರು ಕೊಟ್ಟಾಗ ಅವರ ನಂಬಿಕೆಗೆ ಬೆಲೆ ಬಂತು. 1919ರಲ್ಲಿ ಜನರಲ್ ಮೋಟರ್ಸ್ ಫಿಷರ್ ಕಂಪನಿಯ ಶೇ. 60 ಪಾಲು ಕೊಂಡಿತು, 1926ರಲ್ಲಿ ಉಳಿದದ್ದನ್ನೂ.

ಆ ದುಡ್ಡಿನಲ್ಲಿ ಎದ್ದದ್ದು ಫಿಷರ್ ಬಿಲ್ಡಿಂಗ್. ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ವಿನ್ಯಾಸದ, 1928ರಲ್ಲಿ ಮುಗಿದ 30 ಅಂತಸ್ತಿನ ಈ ಕಟ್ಟಡ, ಅದೇ ಕಾನ್ ಕಟ್ಟಿದ ಜನರಲ್ ಮೋಟರ್ಸ್‌ನ ಹಳೆಯ ಕಚೇರಿಯ ಎದುರಿಗೆ ಇಂದಿಗೂ ನಿಂತಿದೆ. ಬಂಡಿ ಬಡಗಿಯ ಮಕ್ಕಳು ಅಮೃತಶಿಲೆಯ ಕಮಾನಿನ ಕೆಳಗೆ ನಡೆದಾಡುವಂತಾದರೂ ಹಳೆಯದನ್ನು ಮರೆಯಲಿಲ್ಲ. ಕಂಪನಿಯ ಲಾಂಛನವೇ ಒಂದು ಸಾರೋಟು. 1804ರ ಪಟ್ಟಾಭಿಷೇಕಕ್ಕೂ 1810ರ ಮದುವೆಗೂ ನೆಪೋಲಿಯನ್ ಬಳಸಿದ ಎರಡು ಸಾರೋಟುಗಳನ್ನು ಬೆರೆಸಿ ಬರೆಸಿದ ಚಿತ್ರ ಅದು. ಕಾರಿನ ಬಾಗಿಲು ತೆರೆದರೆ ಹೊಸ್ತಿಲಿನ ತಗಡಿನ ಮೇಲೆ ಅದರ ಮುದ್ರೆ. ಆ ಕಾಲದ ಒಡಲುಗಳ ಒಳಗೆ ಮರದ ಚೌಕಟ್ಟು, ಮೇಲೆ ತಗಡು. ಕಾರ್ಖಾನೆಯಲ್ಲಿ ಬಡಗಿಯ ಮಾತಿಗೆ ಬೆಲೆ. ಬಣ್ಣ ಮಾತ್ರ ಹೊಸದಾಗಿತ್ತು. ಡ್ಯೂಪಾಂಟ್ ಜೊತೆ ಸೇರಿ ಜನರಲ್ ಮೋಟರ್ಸ್ ತಂದ, ಬೇಗ ಒಣಗುವ ಆ ಬಣ್ಣದ ಹೆಸರು ಡ್ಯೂಕೊ. ನಮ್ಮ ಟಿಂಕರಿಂಗ್ ಅಂಗಡಿಗಳಲ್ಲಿ ಇಂದಿಗೂ ಯಾವ ಕಂಪನಿಯ ಬಣ್ಣಕ್ಕಾದರೂ 'ಡ್ಯೂಕೊ ಹೊಡೀತೀವಿ' ಎನ್ನುವವರಿದ್ದಾರೆ.

ಇಷ್ಟರಲ್ಲಿ 1929ರ ಅಕ್ಟೋಬರು ಬಂತು. ಷೇರುಪೇಟೆ ಕುಸಿಯಿತು, ಕಾರ್ಖಾನೆಗಳ ಗೇಟಿನೆದುರು ಕೆಲಸವಿಲ್ಲದವರ ಸಾಲು ಬೆಳೆಯಿತು. ಅಪ್ಪನಿಗೇ ಕೆಲಸವಿಲ್ಲದ ಮನೆಯಲ್ಲಿ ಹದಿನೈದರ ಹುಡುಗ ಕಾಲೇಜಿನ ಕನಸು ಕಾಣುವುದಾದರೂ ಹೇಗೆ? ಇನ್ನೊಂದು ಕಡೆ, ಯಂತ್ರಗಳು ಬಂದು ಕೈಕಸುಬು ಸಾಯುತ್ತಿದೆ ಎಂಬ ಹಳಬರ ಅಳಲು. ಈ ಎರಡಕ್ಕೂ ಉತ್ತರವೆಂಬಂತೆ 1930ರಲ್ಲಿ ಗಿಲ್ಡಿನ ಘೋಷಣೆ ಹೊರಬಿತ್ತು. ಇದರಲ್ಲಿ ಕಂಪನಿಯ ಸ್ವಾರ್ಥವೇ ಇರಲಿಲ್ಲ ಎಂದು ಬರೆದರೆ ಸ್ಮರಣ ಸಂಚಿಕೆಗೂ ಅದು ಅತಿಯಾದೀತು. ಪ್ರತಿ ಮನೆಯ ಹುಡುಗನ ಕೈಗೆ ಕಂಪನಿಯ ಲಾಂಛನವನ್ನೇ ಕೊಟ್ಟು 'ಇದನ್ನು ಕಟ್ಟು' ಎಂದದ್ದಕ್ಕಿಂತ ಜಾಣ ಜಾಹೀರಾತು ಬೇರೆ ಯಾವುದಿದೆ? ಆದರೆ ಜಾಹೀರಾತಿನ ದುಡ್ಡು ವಿದ್ಯಾರ್ಥಿವೇತನವಾಗಿ ಹರಿದದ್ದೂ ಅಷ್ಟೇ ನಿಜ.

ನೆಪೋಲಿಯನ್ನನ ಸಾರೋಟು: 1930–1937

ಸೇರಲು ಶುಲ್ಕವಿಲ್ಲ. 12ರಿಂದ 19ರ ವಯಸ್ಸಿನ ಹುಡುಗ ಹೆಸರು ಕೊಟ್ಟರೆ ನಕ್ಷೆ, ಸೂಚನೆಗಳು ಬರುತ್ತಿದ್ದವು. ಕಿರಿಯರು, ಹಿರಿಯರು ಎಂದು ಎರಡು ವಿಭಾಗ. ಸ್ಕೌಟ್ ಚಳವಳಿಯ ಹಿರಿಯ ಡ್ಯಾನ್ ಬಿಯರ್ಡ್ ಗೌರವಾಧ್ಯಕ್ಷರು. ಕಟ್ಟಬೇಕಾದದ್ದು ಒಂದೇ ವಸ್ತು, ಲಾಂಛನದ ಆ ಸಾರೋಟು. ಎಲ್ಲವನ್ನೂ ಹುಡುಗ ತಾನೇ ಮಾಡಬೇಕು ಎಂಬುದು ಕಟ್ಟುನಿಟ್ಟಿನ ನಿಯಮ. ಮರ ಕೆತ್ತಬೇಕು, ಲೋಹ ಬಗ್ಗಿಸಬೇಕು, ಒಳಗಿನ ಆಸನಕ್ಕೆ ಬಟ್ಟೆ ಹೊಲಿಯಬೇಕು. ಬಾಗಿಲು ತೆರೆದು ಮುಚ್ಚಬೇಕು, ಗಾಜು ಸರಿಯಬೇಕು, ಹತ್ತುವ ಮೆಟ್ಟಿಲು ಮಡಚಬೇಕು, ಚಕ್ರ ತಿರುಗಬೇಕು. ಒಂದು ಸಾರೋಟಿಗೆ ನೂರಾರು ತಾಸಿನ ದುಡಿಮೆ.

ಕೇಳಲು ಸುಲಭ. ಹಳೇ ನಕ್ಷೆಯ ಪ್ರತಿಯೊಂದು ಸಿಕ್ಕಾಗ ನಾನೂ ಒಂದು ಚಕ್ರ, ಒಂದೇ ಒಂದು ಚಕ್ರ, ಮಾಡಿ ನೋಡೋಣವೆಂದು ಕೂತೆ. ನಡುಗುಂಬಕ್ಕೆ ಸುತ್ತ ಸಮನಾಗಿ ತೂತು ಕೊರೆಯುವುದರಲ್ಲೇ ಎರಡು ಭಾನುವಾರ ಹೋಯಿತು. ಅರೆಕಡ್ಡಿಗಳನ್ನು ಒಂದೊಂದಾಗಿ ತೀಡಿದೆ. ತೀಡುವಾಗ ಕಡ್ಡಿ ಬೆರಳಿನ ನಡುವೆ ತಿರುಗುತ್ತದೆ. ಒಂದು ಬದಿ ಹೆಚ್ಚು ತೆಳುವಾಗಿ ಮಾವಿನ ಓಟೆಯ ಆಕಾರ ಬರುತ್ತದೆ. ಹನ್ನೊಂದು ಕಡ್ಡಿ ಕೂತವು. ಹನ್ನೆರಡನೆಯದನ್ನು ಒತ್ತಿದೊಡನೆ ಹೊರಬಳೆ ಟಕ್ಕೆಂದು ಬಿರಿಯಿತು. ಚನ್ನಪಟ್ಟಣದ ಹಾಲೆ ಮರದ ತುಂಡು ಅದು, ಮರದ ತಪ್ಪೇನೂ ಇಲ್ಲ. ನಾನು ಬಳೆಯನ್ನು ಎಳೆಯ ದಿಕ್ಕು ನೋಡದೆ ಕತ್ತರಿಸಿದ್ದೆ. ಅಲ್ಲಿಯ ಹುಡುಗರು ಇಂಥ ನಾಲ್ಕು ಚಕ್ರ ಮಾಡಿ, ಅದಾದ ಮೇಲೆ ಉಳಿದ ಸಾರೋಟಿಗೆ ಕೈ ಹಾಕುತ್ತಿದ್ದರು.

1931ರ ಮೊದಲ ರಾಷ್ಟ್ರೀಯ ಸ್ಪರ್ಧೆಯಲ್ಲಿ ನಾಲ್ವರಿಗೆ ತಲಾ 5000 ಡಾಲರಿನ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ. ಆ ವರ್ಷ ಹೊಸ ಷೆವರ್ಲೆ ಕಾರಿನ ಆರಂಭದ ಬೆಲೆ 500 ಡಾಲರಿಗೂ ಕಡಿಮೆ ಇತ್ತು. ಅಂದರೆ ಒಬ್ಬ ಹುಡುಗನ ಓದಿಗೆ ಹತ್ತು ಕಾರಿನ ದುಡ್ಡು. ಗೆದ್ದ ನಾಲ್ವರಲ್ಲಿ ಇಂಡಿಯಾನಾದ ಡೊನಾಲ್ಡ್ ಬರ್ನಮ್ ಒಬ್ಬರು. ಅವರು ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, 1963ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಮುಖ್ಯಸ್ಥರಾದರು. ಸಾರೋಟು ಕಟ್ಟಿದ ಕೈ ಮತ್ತೆ ಸಾರೋಟು ಕಟ್ಟಲಿಲ್ಲ. ಗಿಲ್ಡು ಬಯಸಿದ್ದೂ ಅದನ್ನೇ.

ನಕಲು ಬೇಡ, ನಿನ್ನದು ತೋರಿಸು: 1937–1945

ಸಾರೋಟಿನ ಸ್ಪರ್ಧೆಯಲ್ಲಿ ಒಂದು ಮಿತಿಯಿತ್ತು. ನಕ್ಷೆಗೆ ಯಾರು ಹೆಚ್ಚು ನಿಷ್ಠರೋ ಅವರೇ ಗೆದ್ದರು. ಹುಡುಗನ ತಲೆಯೊಳಗೆ ಏನಿದೆ ಎಂಬುದು ತೀರ್ಪುಗಾರರಿಗೆ ಕಾಣುತ್ತಿರಲಿಲ್ಲ. ಹೊರಗೆ ಕಾರಿನ ಲೋಕವೂ ಬದಲಾಗಿತ್ತು. ಹಾರ್ಲಿ ಅರ್ಲ್ 1927ರಲ್ಲಿ ಜನರಲ್ ಮೋಟರ್ಸ್‌ನಲ್ಲಿ ವಿನ್ಯಾಸಕ್ಕೆಂದೇ ವಿಭಾಗ ತೆರೆದಿದ್ದರು. ಫಿಷರ್ ಬಾಡಿ 1935ರ ಮಾದರಿಗಳಿಗೆ ಇಡಿಯಾಗಿ ಉಕ್ಕಿನ ಚಾವಣಿ ಹೊದಿಸಿತು, ಆಮೇಲೆ ಒಡಲೊಳಗಿನ ಮರವೂ ಹೋಯಿತು. ಕಾರ್ಖಾನೆಗೆ ಬೇಡವಾದ ಬಡಗಿತನವನ್ನು ಗಿಲ್ಡಿನ ಹುಡುಗರು ಮನೆಯಲ್ಲಿ ಕಲಿಯುತ್ತಿದ್ದರು, ಪಾಪ.

1937ರಲ್ಲಿ ಸಾರೋಟಿನ ಜೊತೆಗೆ ಮಾದರಿ ಕಾರಿನ ಸ್ಪರ್ಧೆಯೂ ಸೇರಿತು. ಇಲ್ಲಿ ನಕ್ಷೆಯಿಲ್ಲ. ಕಾರು ಹೇಗಿರಬೇಕು ಎಂಬುದನ್ನು ಹುಡುಗನೇ ಕಲ್ಪಿಸಬೇಕು, ಬರೆಯಬೇಕು, ಕಟ್ಟಬೇಕು. ನನ್ನ ಲೆಕ್ಕದಲ್ಲಿ ಗಿಲ್ಡಿನ ನಿಜವಾದ ಹುಟ್ಟು ಇದೇ ವರ್ಷ. ಅಲ್ಲಿಯವರೆಗೆ ಅದು ಕೈಯನ್ನು ಪರೀಕ್ಷಿಸಿತ್ತು, ಇಲ್ಲಿಂದ ಮುಂದೆ ಕಣ್ಣನ್ನು ಪರೀಕ್ಷಿಸಿತು.

ಅದೇ ಚಳಿಗಾಲದಲ್ಲಿ, 1936ರ ಡಿಸೆಂಬರಿನಿಂದ 1937ರ ಫೆಬ್ರವರಿವರೆಗೆ, ಫ್ಲಿಂಟ್ ನಗರದ ಫಿಷರ್ ಕಾರ್ಖಾನೆಗಳಲ್ಲಿ ಕಾರ್ಮಿಕರು ಒಳಗೇ ಕುಳಿತು ಮುಷ್ಕರ ಹೂಡಿದ್ದರು. ನಲವತ್ತನಾಲ್ಕು ದಿನಗಳ ಬಳಿಕ ಕಂಪನಿ ಸಂಘವನ್ನು ಮಾನ್ಯ ಮಾಡಿ ಮಾತುಕತೆಗೆ ಒಪ್ಪಿತು. ಅಮೆರಿಕದ ಕಾರ್ಮಿಕ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಅಧ್ಯಾಯವಿದೆ. ಇಲ್ಲಿ ಮುಷ್ಕರ, ಸ್ಪರ್ಧೆ ಎರಡೂ ಒಂದೇ ಸೂರಿನ ಕೆಳಗಿನ ಸಂಗತಿಗಳು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಯುದ್ಧ ಬಂತು. 1942ರ ಫೆಬ್ರವರಿಯಲ್ಲಿ ಕಾರು ತಯಾರಿಕೆ ನಿಂತಿತು, ಫಿಷರ್ ಬಾಡಿ ಷರ್ಮನ್ ಟ್ಯಾಂಕು ಮಾಡತೊಡಗಿತು, ಗಿಲ್ಡಿನ ಸ್ಪರ್ಧೆಗೆ ಬೀಗ ಬಿತ್ತು. 1944ರಲ್ಲಿ ಫಿಷರ್ ಸೋದರರೂ ಜನರಲ್ ಮೋಟರ್ಸ್ ಬಿಟ್ಟು ಹೊರನಡೆದರು. ಹೆಸರು ಮಾತ್ರ ಉಳಿಯಿತು.

ಹನ್ನೆರಡರಲ್ಲಿ ಒಂದು: 1946–1960

ಯುದ್ಧ ಮುಗಿದ ಮೇಲಿನ ಹದಿನೈದು ವರ್ಷಗಳು ಗಿಲ್ಡಿನ ತುಂಬು ಯೌವನ. 1940ರ ದಶಕ ಮುಗಿಯುವ ಹೊತ್ತಿಗೆ ಸಾರೋಟು ನೇಪಥ್ಯಕ್ಕೆ ಸರಿದು ಕಾರೊಂದೇ ಉಳಿಯಿತು. ಅಳತೆ 1:12. ಐದು ಮೀಟರಿನ ಕಾರು ಮೇಜಿನ ಮೇಲೆ ಸುಮಾರು 42 ಸೆಂಟಿಮೀಟರಾಗುತ್ತದೆ, ಎರಡು ಕೈಯಲ್ಲಿ ಎತ್ತಿ ಹಿಡಿಯುವಷ್ಟು. ಆದರೆ ಈ ಅಳತೆ ಕ್ಷಮಿಸುವುದಿಲ್ಲ. ಮಾದರಿಯ ಬಾನೆಟ್ಟಿನ ಮೇಲೆ ಒಂದು ಮಿಲಿಮೀಟರು ಉಬ್ಬು ಉಳಿದರೆ ನಿಜವಾದ ಕಾರಿನಲ್ಲಿ ಅದು ಹನ್ನೆರಡು ಮಿಲಿಮೀಟರಿನ ಗೂನು.

ಕೆಲಸದ ಕ್ರಮ ಹೀಗಿತ್ತು. ಮೊದಲು ಕಾಗದದ ಮೇಲೆ ನಾಲ್ಕು ಬದಿಯ ಚಿತ್ರ. ಆಮೇಲೆ ಜೇಡಿಮಣ್ಣಿನಲ್ಲಿ ರೂಪ. ಮಣ್ಣಿನಲ್ಲಿ ಕಣ್ಣಿಗೆ ಹಿತವೆನಿಸಿದ ಮೇಲೆ ರಟ್ಟಿನ ಅಚ್ಚು ಕತ್ತರಿಸಿ, ಅದೇ ಅಚ್ಚನ್ನು ಮರದ ತುಂಡಿಗೆ ಮತ್ತೆ ಮತ್ತೆ ಹಿಡಿದು ಕೆತ್ತುವುದು. ಮರ ಬೇಡವೆಂದವರು ಪ್ಲಾಸ್ಟರಿನ ಅಚ್ಚು ತೆಗೆದು ಎರಕ ಹೊಯ್ದರು, ಮುಂದಿನ ವರ್ಷಗಳಲ್ಲಿ ಫೈಬರ್‌ಗ್ಲಾಸನ್ನೂ ಬಳಸಿದರು. ಬಂಪರು, ಗ್ರಿಲ್ಲುಗಳನ್ನು ಲೋಹದಲ್ಲಿ ಅರದಿಂದ ಉಜ್ಜಿ ಹೊಳಪು ಕೊಡಬೇಕು. ಕೊನೆಗೆ ಬಣ್ಣ: ಪ್ರೈಮರು, ಉಜ್ಜು, ಪುಟ್ಟಿ, ಉಜ್ಜು, ಬಣ್ಣ, ನೀರು ಹಾಕಿ ಉಜ್ಜು. ಬಣ್ಣವೆಂಬುದು ತಪ್ಪನ್ನು ಮುಚ್ಚುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಕೂತು ಕೆಲಸ ಮಾಡಿದವರಿಗೆ ಗೊತ್ತು, ಹೊಳಪು ಬಂದಾಗಲೇ ತಪ್ಪು ಎದ್ದು ಕಾಣುವುದು. ಕಿಟಕಿಯ ಬೆಳಕಿಗೆ ಹಿಡಿದರೆ ಕಿಟಕಿಯ ಸರಳು ಕಾರಿನ ಪಕ್ಕೆಯಲ್ಲಿ ನೇರವಾಗಿ ಹರಿಯಬೇಕು. ಎಲ್ಲಿ ನಡುಗಿತೋ ಅಲ್ಲಿ ಮತ್ತೆ ಉಪ್ಪುಕಾಗದ.

ಕಾರು ಮುಗಿದರೆ ಮುಂದಿನ ಕೆಲಸ ಪೆಟ್ಟಿಗೆ. ತಿಂಗಳುಗಟ್ಟಲೆ ಉಜ್ಜಿದ್ದನ್ನು ರೈಲಿನ ಪಾರ್ಸೆಲ್ಲಿಗೆ ಒಪ್ಪಿಸುವುದೆಂದರೆ ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ. ಒಳಗೆ ಅಲುಗದಂತೆ ಕಟ್ಟಿ ಮರದ ಪೆಟ್ಟಿಗೆಗೆ ಮೊಳೆ ಹೊಡೆದು ಕಳಿಸಬೇಕು. ತೀರ್ಪುಗಾರರು ಕೈಕೆಲಸಕ್ಕೂ ವಿನ್ಯಾಸಕ್ಕೂ ಬೇರೆ ಬೇರೆ ಅಂಕ ಹಾಕುತ್ತಿದ್ದರು. ಸ್ಪರ್ಧೆ ಮುಗಿದ ಮೇಲೆ ಅದೇ ಪೆಟ್ಟಿಗೆ ಮನೆಗೆ ಮರಳುತ್ತಿತ್ತು.

ಪ್ರಾಂತ ಮಟ್ಟದಲ್ಲಿ ಗೆದ್ದವರಿಗೆ ಡೆಟ್ರಾಯಿಟ್ ಪ್ರವಾಸ. ನನಗೆ ಈ ಭಾಗವೇ ಬಹುಮಾನಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಊರಿಗೊಬ್ಬನಂತೆ ನೆಲಮಾಳಿಗೆಯಲ್ಲೋ ಗ್ಯಾರೇಜಿನಲ್ಲೋ ಒಂಟಿಯಾಗಿ ಕೂತು, 'ಇವನಿಗೇನು ಹುಚ್ಚು' ಎನ್ನಿಸಿಕೊಂಡ ಹುಡುಗ, ತನ್ನಂಥದೇ ಹುಚ್ಚಿನ ಹತ್ತಾರು ಹುಡುಗರನ್ನು ಮೊದಲ ಸಲ ಕಾಣುತ್ತಿದ್ದ. ದೊಡ್ಡ ಹೋಟೆಲಿನಲ್ಲಿ ಊಟ, ಕಾರ್ಖಾನೆಯ ಭೇಟಿ, ವಿನ್ಯಾಸಕಾರರ ಜೊತೆ ಮಾತು. 1956ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಜನರಲ್ ಮೋಟರ್ಸ್ ತಾಂತ್ರಿಕ ಕೇಂದ್ರವೂ ಆಮೇಲೆ ಯಾತ್ರೆಯ ಪಟ್ಟಿಗೆ ಸೇರಿತು. ವಾರನ್ ಊರಿನಲ್ಲಿರುವ ಅದನ್ನು ಕಟ್ಟಿದವರು ವಾಸ್ತುಶಿಲ್ಪಿ ಏರೋ ಸಾರಿನೆನ್. ನಡುವೆ ವಿಶಾಲವಾದ ಕೆರೆ, ಅದರೊಳಗೆ ಉಕ್ಕಿನ ನೀರಿನ ಗೋಪುರ, ದಡದಲ್ಲಿ ಹೊಸ ಕಾರುಗಳನ್ನು ನೋಡಲೆಂದೇ ಕಟ್ಟಿದ ಬೆಳ್ಳಿ ಬಣ್ಣದ ಗುಮ್ಮಟ. ಹದಿನಾರರ ಹುಡುಗನೊಬ್ಬ ಅಲ್ಲಿ ನಿಂತರೆ ಇಲ್ಲೇ ಕೆಲಸ ಮಾಡಬೇಕು ಎನ್ನಿಸದೆ ಇರುತ್ತದೆಯೆ?

ಈ ಕೇಂದ್ರ ತೆರೆಯುವ ಮೊದಲೇ ಹಾಗೆ ಅನ್ನಿಸಿ ಕಂಪನಿ ಸೇರಿದವರಲ್ಲಿ ಮೊದಲ ಸಾಲಿನವರು ಚಕ್ ಜೋರ್ಡಾನ್. ಕ್ಯಾಲಿಫೋರ್ನಿಯಾದ ವಿಟಿಯರ್‌ನವರು, ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಗ 1947ರ ಗಿಲ್ಡಿನ ರಾಷ್ಟ್ರೀಯ ಬಹುಮಾನ ಗೆದ್ದರು. 1949ರಲ್ಲಿ ಜನರಲ್ ಮೋಟರ್ಸ್ ಸೇರಿದರು. ಮೂವತ್ತರ ಆಸುಪಾಸಿನಲ್ಲೇ ಕ್ಯಾಡಿಲಾಕ್ ವಿನ್ಯಾಸದ ಹೊಣೆ ಹೊತ್ತರು. ಹಾರ್ಲಿ ಅರ್ಲ್, ಬಿಲ್ ಮಿಚೆಲ್, ಅರ್ವ್ ರಿಬಿಕಿ ಕೂತ ಕುರ್ಚಿಯಲ್ಲಿ 1986ರಿಂದ 1992ರವರೆಗೆ ಕೂತರು. ಇಡೀ ಕಂಪನಿಯ ವಿನ್ಯಾಸದ ಉಪಾಧ್ಯಕ್ಷ ಹುದ್ದೆ ಅದು. ಗಿಲ್ಡಿನ ಹುಡುಗರೆಲ್ಲ ಇದೇ ಕಂಪನಿಗೆ ಹೋದರು ಎಂದೇನಲ್ಲ. ಕ್ರೈಸ್ಲರ್‌ನ ಹೆಸರಾಂತ ವಿನ್ಯಾಸಕಾರರ ಮಗ ವರ್ಜಿಲ್ ಎಕ್ಸ್‌ನರ್ ಜೂನಿಯರ್ ಗಿಲ್ಡಿನವರೇ. ಪ್ರತಿಸ್ಪರ್ಧಿಯ ಮನೆಯ ಹುಡುಗನಿಗೂ ಇಲ್ಲಿ ಜಾಗವಿತ್ತು. ಸ್ಕ್ಯಾರಬ್ ರೇಸ್ ಕಾರಿನ ರೂಪ ಬರೆದು, ಮುಂದೆ ಡಿಸೈನ್‌ವರ್ಕ್ಸ್ ಸಂಸ್ಥೆ ಕಟ್ಟಿದ ಚಕ್ ಪೆಲಿ ಕೂಡ ಗಿಲ್ಡಿನಿಂದ ಬಂದವರು. ಅವರ ಸಂಸ್ಥೆಯನ್ನು ಕೊನೆಗೆ ಬಿಎಂಡಬ್ಲ್ಯು ಕೊಂಡುಕೊಂಡಿತು. ಗಿಲ್ಡಿನಲ್ಲಿಯೇ ಗೆದ್ದ ರಾನ್ ಹಿಲ್ ಜನರಲ್ ಮೋಟರ್ಸ್‌ನಲ್ಲಿ ದುಡಿದು, ಆಮೇಲೆ ಕ್ಯಾಲಿಫೋರ್ನಿಯಾದ ಆರ್ಟ್ ಸೆಂಟರ್ ಕಾಲೇಜಿನಲ್ಲಿ ಕಾರು ವಿನ್ಯಾಸದ ಮೇಷ್ಟರಾದರು.

ಒಂದು ಕೊರತೆ ಹೇಳಲೇಬೇಕು. ಗಿಲ್ಡು ಕೊನೆಯವರೆಗೂ ಹುಡುಗರದೇ ಆಗಿತ್ತು, ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಕಾಲ ಹಾಗಿತ್ತು ಎನ್ನುವುದು ವಾಡಿಕೆಯ ಸಮಾಧಾನ. ಆದರೆ ಇದೇ ಕಂಪನಿ 1950ರ ದಶಕದಲ್ಲಿ ಮಹಿಳಾ ವಿನ್ಯಾಸಕಾರರನ್ನು ನೇಮಿಸಿಕೊಂಡು ಪ್ರಚಾರ ಮಾಡಿದ್ದು ನೆನಪಾದಾಗ ಆ ಸಮಾಧಾನ ಸಾಲುವುದಿಲ್ಲ. ಇನ್ನು, ಮಗನ ಕಾರಿಗೆ ಅಪ್ಪನ ಕೈ ತಗುಲಿದೆಯೆ ಎಂಬ ಗುಮಾನಿ ಇಂಥ ಸ್ಪರ್ಧೆಗಳಲ್ಲೆಲ್ಲ ಇರುವಂಥದ್ದೇ. ನಮ್ಮಲ್ಲೂ ಇದೆ. ಇಲ್ಲಿ ಹೆಸರು ಬೇಡ.

ಪ್ಲಾಸ್ಟಿಕ್ಕಿನ ಕಾಲ: 1958–1968

ರೆವೆಲ್ ಕಂಪನಿ 1950ರ ದಶಕದ ಆರಂಭದಲ್ಲೇ ಹಳೇ ಕಾರುಗಳ ಪ್ಲಾಸ್ಟಿಕ್ ಕಿಟ್ಟು ಮಾರಾಟಕ್ಕಿಟ್ಟಿತ್ತು. 1958ರಲ್ಲಿ ಎಎಂಟಿ ಕಂಪನಿ ಆಯಾ ವರ್ಷದ ಕಾರನ್ನೇ 1:25 ಅಳತೆಯ ಕಿಟ್ಟಾಗಿ ತಂದಿತು. ಡಬ್ಬಿ ಒಂದು, ಕಟ್ಟುವ ಬಗೆ ಮೂರು: ಕಂಪನಿಯಿಂದ ಬಂದಂತೆ, ಅಂದಗೊಳಿಸಿದಂತೆ, ರೇಸಿಗೆ ಇಳಿಸಿದಂತೆ. ಗೋಂದು ಹಚ್ಚಿದರೆ ಶನಿವಾರ ಕೂತದ್ದು ಭಾನುವಾರ ಸಂಜೆಗೆ ಕಾರು. ನೂರಾರು ತಾಸು ಮರ ತೀಡುವ ತಾಳ್ಮೆಗೆ ಇದಕ್ಕಿಂತ ದೊಡ್ಡ ಶತ್ರು ಇರಲಿಲ್ಲ. ನಾವೆಲ್ಲ ಆ ಶತ್ರುವಿನ ಸಂತಾನವೇ ಎಂಬುದು ಬೇರೆ ಮಾತು. ಆಮೇಲೆ ವಿದ್ಯುತ್ ಹಳಿಯ ಮೇಲೆ ಓಡುವ ಸ್ಲಾಟ್ ಕಾರುಗಳ ಹುಚ್ಚು ಹಬ್ಬಿತು.

ಕಂಪನಿಯ ಲಕ್ಷ್ಯವೂ ಬೇರೆಡೆ ಹೋಗಿತ್ತು. 1965ರಲ್ಲಿ ರಾಲ್ಫ್ ನೇಡರ್ ಕಾರುಗಳ ಸುರಕ್ಷತೆಯ ಬಗ್ಗೆ ಎತ್ತಿದ ಪ್ರಶ್ನೆಗಳು ಮರುವರ್ಷ ಕಾನೂನಾದವು. ಹದಿನೆಂಟು ತುಂಬಿದ ಹುಡುಗರ ಮನೆಗೆ ವಿಯೆಟ್ನಾಂ ಯುದ್ಧದ ಕರೆ ಬರುತ್ತಿತ್ತು. ಇಂಥ ಹೊತ್ತಿನಲ್ಲಿ, 1968ರಲ್ಲಿ, ಗಿಲ್ಡು ಕೊನೆಗೊಂಡಿತು. ಅದು ಸೋತು ಮುಚ್ಚಿತು ಎನ್ನಲು ನನಗೆ ಮನಸ್ಸಿಲ್ಲ. ಮುಚ್ಚುವ ಹೊತ್ತಿಗೆ ಡೆಟ್ರಾಯಿಟ್‌ನ ವಿನ್ಯಾಸ ಕೊಠಡಿಗಳಲ್ಲಿ ಗಿಲ್ಡಿನ ಹಳೇ ಹುಡುಗರು ಸಾಕಷ್ಟು ಜನ ಕೂತಿದ್ದರು.

ಆಮೇಲಿನದು

ಕಟ್ಟಿದ್ದನ್ನು ತೋರಿಸಿ ಹಂಚಿಕೊಳ್ಳುವ ಕೆಲಸ ಬೇರೆ ಕೈಗಳಿಗೆ ಹೋಯಿತು. ಬ್ರಿಟನ್ನಿನಲ್ಲಿ 1963ರಲ್ಲೇ ಪ್ಲಾಸ್ಟಿಕ್ ಮಾದರಿಕಾರರ ಅಂತರರಾಷ್ಟ್ರೀಯ ಸಂಘ ಹುಟ್ಟಿತ್ತು; ಐಪಿಎಂಎಸ್ ಎಂಬ ಅದರ ಹೆಸರಿನಲ್ಲಿ ಇಂದು ಹಲವು ದೇಶಗಳಲ್ಲಿ ಶಾಖೆಗಳಿವೆ. ಜಪಾನಿನ ಷಿಜುವೊಕಾ ನಗರದಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ನಡೆಯುವ ಹವ್ಯಾಸ ಮೇಳಕ್ಕೆ ಕ್ಲಬ್ಬುಗಳು ತಮ್ಮ ಮಾದರಿಗಳನ್ನು ಹೊತ್ತು ಬರುತ್ತವೆ. ಅಲ್ಲಿ ವಿದ್ಯಾರ್ಥಿವೇತನವಿಲ್ಲ. ಮೇಜಿಗೆ ಬಟ್ಟೆ ಹಾಸಿ ಇಡುವುದು, ಪಕ್ಕದವರದನ್ನು ಬಗ್ಗಿ ನೋಡುವುದು, 'ಈ ಬಣ್ಣ ಹೇಗೆ ತಂದಿರಿ' ಎಂದು ಕೇಳುವುದು. ನಮ್ಮ ಬಳಗ ನಡೆಯುತ್ತಿರುವುದೂ ಅದೇ ಬಗೆಯಲ್ಲಿ.

ಫಿಷರ್ ಬಾಡಿ ವಿಭಾಗವನ್ನು ಜನರಲ್ ಮೋಟರ್ಸ್ 1984ರಲ್ಲಿ ವಿಸರ್ಜಿಸಿತು. ಕಂಪನಿಯ ಸ್ಟುಡಿಯೊಗಳಲ್ಲಿ ಮಣ್ಣಿನಿಂದ ಮಾಡುವ ನಿಜದ ಅಳತೆಯ ಕಾರುಗಳನ್ನು ಕೆಲಸವಾದ ಮೇಲೆ ಕೆರೆದು ಅದೇ ಮಣ್ಣಿನಲ್ಲಿ ಮುಂದಿನದನ್ನು ಮಾಡುತ್ತಾರೆ. ಹುಡುಗರು ಮಾಡಿದ ಪುಟ್ಟ ಕಾರುಗಳು ಮಾತ್ರ ರೈಲಿನಲ್ಲಿ ಮನೆಗೆ ಮರಳಿ ಅಟ್ಟ ಸೇರಿದ್ದರಿಂದ ಉಳಿದುಕೊಂಡವು. ಕೆಲವು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹ ಸೇರಿವೆ. ಈ ಶತಮಾನದ ಮೊದಲ ದಶಕದಲ್ಲಿ ಡೆಟ್ರಾಯಿಟ್ ಕಡೆ ಗಿಲ್ಡಿನವರ ಪುನರ್ಮಿಲನಗಳು ನಡೆದವು. ಹೋದವರು ಆಗಲೇ ತಲೆ ನರೆತ ತಾತಂದಿರು.

ನಮ್ಮ ಬೆಳ್ಳಿಹಬ್ಬದ ಪ್ರದರ್ಶನಕ್ಕೆ ನನ್ನದೊಂದು ಪ್ರೀಮಿಯರ್ ಪದ್ಮಿನಿ ಇಡುವ ಯೋಚನೆಯಿತ್ತು. ಮನೆಯಲ್ಲಿ ಅದು ಪ್ರತಿ ನವರಾತ್ರಿಗೂ ಗೊಂಬೆ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳ ಕೆಳಗೆ ಕೂರುತ್ತದೆ. ಸಂಪಾದಕರು ಕಾರು ಬೇಡ, ಆ ಚಕ್ರ ತನ್ನಿ ಎಂದಿದ್ದಾರೆ. ಹೊರಬಳೆಯ ಬಿರುಕಿಗೆ ಗೋಂದು ಹಾಕದೆ, ಹನ್ನೊಂದು ಕಡ್ಡಿಯೊಂದಿಗೆ ಹಾಗೇ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಹನ್ನೆರಡನೆಯ ಕಡ್ಡಿಯೂ ಪಕ್ಕದಲ್ಲೇ ಇದೆ.